ಬೀಟ್‌ರೂಟ್ ರಸ ಮತ್ತು ಓಟಗಾರನ ದಮ್ಮು: ಅಳತೆಯ ಮೇಲೆ ನಿಂತ ಒಂದು ಉದ್ಯಮ

ಔಷಧದ ಅಂಗಡಿ, ವ್ಯಾಯಾಮಶಾಲೆ, ದಿನಸಿ ಮಳಿಗೆ ಹೀಗೆ ಎಲ್ಲೆಡೆಯೂ ಆಹಾರ ಪೂರಕಗಳ ಡಬ್ಬಿಗಳು ಇಂದು ಸಾಲುಗಟ್ಟಿ ನಿಂತಿವೆ. ಬಲ, ಚೈತನ್ಯ, ದಮ್ಮು ಎಂಬ ಮೂರು ಪದಗಳಲ್ಲಿ ಒಂದಾದರೂ ಇಲ್ಲದ ಡಬ್ಬಿಯನ್ನು ಹುಡುಕುವುದು ಕಷ್ಟ. ಈ ಪೈಕಿ ಎಷ್ಟು ಪದಾರ್ಥಗಳು ತಾವು ಹೇಳಿಕೊಳ್ಳುವ ಕೆಲಸವನ್ನು ನಿಜವಾಗಿ ಮಾಡುತ್ತವೆ ಎಂಬ ಪ್ರಶ್ನೆಗೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರ ಮಂಡಳಿಯೊಂದು 2018ರಲ್ಲಿ ಉತ್ತರ ನೀಡಿತು. ಕ್ರೀಡಾ ಸಾಮರ್ಥ್ಯವನ್ನು ನೇರವಾಗಿ ಹೆಚ್ಚಿಸುತ್ತವೆ ಎಂಬುದಕ್ಕೆ ಸಾಕಷ್ಟು ಪುರಾವೆಯಿರುವ ಪೂರಕಗಳೆಂದು ಅದು ಗುರುತಿಸಿದ್ದು ಕೇವಲ ಐದನ್ನು: ಕೆಫೀನ್, ಕ್ರಿಯಾಟಿನ್, ಬೀಟಾ ಅಲನಿನ್, ಸೋಡಿಯಂ ಬೈಕಾರ್ಬೊನೇಟ್ ಮತ್ತು ನೈಟ್ರೇಟ್. ಮೊದಲನೆಯದು ಕಾಫಿಯಲ್ಲಿದೆ, ನಾಲ್ಕನೆಯದು ಅಡಿಗೆ ಸೋಡ. ಐದನೆಯದಾದ ನೈಟ್ರೇಟ್ ಮಾರುಕಟ್ಟೆಗೆ ಬಂದದ್ದು ಸಂತೆಯಲ್ಲಿ ಸಿಗುವ ಬೀಟ್‌ರೂಟ್ ಗಡ್ಡೆಯ ಮೂಲಕ.

ಒಂದು ಸಾಧಾರಣ ತರಕಾರಿ ಹೀಗೆ ಕ್ರೀಡಾಪಟುಗಳ ಪೂರಕವಾಗಿ ಬೆಳೆದ ಕಥೆಯಲ್ಲಿ ದೊಡ್ಡ ಔಷಧ ಕಂಪನಿಗಳ ಪಾತ್ರ ಅಷ್ಟಾಗಿ ಇಲ್ಲ. ಎರಡು ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳು ಮತ್ತು ಇಂಗ್ಲೆಂಡಿನ ಗ್ರಾಮಾಂತರ ಪ್ರದೇಶದ ಒಂದು ಹಣ್ಣಿನ ರಸದ ಕಾರ್ಖಾನೆ ಇದರ ಮುಖ್ಯ ಪಾತ್ರಧಾರಿಗಳು. ಸಣ್ಣ ಉದ್ದಿಮೆದಾರರು ಈ ಪ್ರಸಂಗವನ್ನು ಗಮನವಿಟ್ಟು ನೋಡಬೇಕಾದದ್ದು ಅದೇ ಕಾರಣಕ್ಕೆ.

ಸ್ಟಾಕ್‌ಹೋಮ್‌ನಿಂದ ಎಕ್ಸೆಟರ್‌ಗೆ

2007ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿರುವ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು ಒಂದು ಪುಟ್ಟ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಚೆನ್ನಾಗಿ ತರಬೇತಿ ಪಡೆದ ಒಂಬತ್ತು ಮಂದಿ ಪುರುಷರಿಗೆ ಮೂರು ದಿನ ಸೋಡಿಯಂ ನೈಟ್ರೇಟ್ ನೀಡಲಾಯಿತು. 70 ಕಿಲೋ ತೂಕದ ವ್ಯಕ್ತಿಗೆ ಲೆಕ್ಕ ಹಾಕಿದರೆ ಅದರಲ್ಲಿದ್ದ ನೈಟ್ರೇಟ್ ದಿನಕ್ಕೆ ಸುಮಾರು 430 ಮಿಲಿಗ್ರಾಂ. ಬಳಿಕ ಅವರು ಸ್ಥಿರ ಸೈಕಲ್ ತುಳಿಯುವಾಗ ಬಳಸಿದ ಆಮ್ಲಜನಕವನ್ನು ಅಳೆಯಲಾಯಿತು. ಅದೇ ಕೆಲಸಕ್ಕೆ ದೇಹವು ಮೊದಲಿಗಿಂತ ಕಡಿಮೆ ಆಮ್ಲಜನಕವನ್ನು ಬಳಸುತ್ತಿತ್ತು.

ಕಾರ್ಖಾನೆ ನಡೆಸುವವರಿಗೆ ಇದನ್ನು ಮೋಟಾರಿನ ಭಾಷೆಯಲ್ಲಿ ಹೇಳುವುದು ಸುಲಭ. ಸೈಕಲ್ ತುಳಿಯುವ ಮನುಷ್ಯನ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ತಲಪುವುದು ಸುಮಾರು ಐದನೆಯ ಒಂದು ಭಾಗ ಮಾತ್ರ. ಉಳಿದದ್ದು ಶಾಖವಾಗಿ ಹೋಗುತ್ತದೆ. ಆ ಒಂಬತ್ತು ಜನರಲ್ಲಿ ಈ ದಕ್ಷತೆ ಸರಾಸರಿ ಶೇಕಡಾ 19.7 ಇದ್ದದ್ದು ನೈಟ್ರೇಟ್ ಸೇವನೆಯ ನಂತರ 21.1ಕ್ಕೆ ಏರಿತ್ತು. ನಿರ್ದಿಷ್ಟ ಕೆಲಸಕ್ಕೆ ನಿರ್ದಿಷ್ಟ ಆಮ್ಲಜನಕ ಬೇಕೇ ಬೇಕು, ಅದು ಅಷ್ಟು ಸುಲಭವಾಗಿ ಬದಲಾಗುವ ಸಂಗತಿಯಲ್ಲ ಎಂದು ಶರೀರಕ್ರಿಯಾ ಶಾಸ್ತ್ರದ ಪಠ್ಯಗಳು ಬಹುಕಾಲದಿಂದ ಬೋಧಿಸುತ್ತಿದ್ದವು. ಆದ್ದರಿಂದಲೇ ಈ ಫಲಿತಾಂಶ ವಿದ್ವಾಂಸರ ಹುಬ್ಬೇರಿಸಿತು.

ಇದರ ಹಿಂದಿನ ಕಾರಣವೂ ಕುತೂಹಲಕರ. ನಾವು ಸೇವಿಸಿದ ನೈಟ್ರೇಟ್ ಕರುಳಿನಿಂದ ರಕ್ತಕ್ಕೆ ಸೇರಿ, ಅದರ ಒಂದು ಪಾಲು ಜೊಲ್ಲಿನ ಮೂಲಕ ಮತ್ತೆ ಬಾಯಿಗೆ ಬರುತ್ತದೆ. ನಾಲಿಗೆಯ ಹಿಂಭಾಗದಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದನ್ನು ನುಂಗಿದ ಮೇಲೆ ದೇಹದಲ್ಲಿ ಅದರಿಂದ ನೈಟ್ರಿಕ್ ಆಕ್ಸೈಡ್ ಉಂಟಾಗುತ್ತದೆ. ರಕ್ತನಾಳಗಳನ್ನು ಹಿಗ್ಗಿಸುವ ಈ ಅನಿಲದ ಪಾತ್ರವನ್ನು ಕಂಡುಹಿಡಿದದ್ದಕ್ಕಾಗಿ 1998ರಲ್ಲಿ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ ನೊಬೆಲ್ ಪಾರಿತೋಷಕ ಸಂದಿತ್ತು. ಬಾಯಿಯ ಬ್ಯಾಕ್ಟೀರಿಯಾಗಳಿಲ್ಲದೆ ಈ ಸರಪಳಿ ನಡೆಯದು. ಬ್ಯಾಕ್ಟೀರಿಯಾ ನಾಶಕ ದ್ರವದಿಂದ ಬಾಯಿ ಮುಕ್ಕಳಿಸಿದವರಲ್ಲಿ ನೈಟ್ರೇಟ್ ಸೇವಿಸಿದರೂ ರಕ್ತದ ನೈಟ್ರೈಟ್ ಏರಿಕೆ ಬಹಳಮಟ್ಟಿಗೆ ತಗ್ಗಿದ್ದನ್ನು 2008ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ದುಬಾರಿ ಪೂರಕವನ್ನು ಕೊಂಡವನು ಬೆಳಿಗ್ಗೆ ಮೌತ್‌ವಾಶ್ ಬಳಸಿದರೆ ಹಣ ನೀರಿನಲ್ಲಿ ಹೋಮವಾಗುವ ಸಂಭವವಿದೆ.

ಸೋಡಿಯಂ ನೈಟ್ರೇಟ್ ಒಂದು ರಾಸಾಯನಿಕ ಲವಣ. ಅದನ್ನು ಜನರಿಗೆ ಮಾರುವಂತಿಲ್ಲ. ಆದರೆ ಬೀಟ್‌ರೂಟ್, ಪಾಲಕ್, ದಂಟಿನಂತಹ ತರಕಾರಿಗಳಲ್ಲಿ ಅದೇ ನೈಟ್ರೇಟ್ ಸಹಜವಾಗಿಯೇ ಹೇರಳವಾಗಿರುತ್ತದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಂಡ್ರ್ಯೂ ಜೋನ್ಸ್ ಮತ್ತು ಅವರ ಸಹೋದ್ಯೋಗಿಗಳು ಲವಣದ ಬದಲು ಬೀಟ್‌ರೂಟ್ ರಸವನ್ನೇ ಬಳಸಿ ನೋಡಿದರು. 19ರಿಂದ 38 ವರ್ಷದ ಎಂಟು ಪುರುಷರು ಆರು ದಿನ ಪ್ರತಿನಿತ್ಯ ಅರ್ಧ ಲೀಟರ್ ರಸ ಕುಡಿದರು. ಅದರಲ್ಲಿ ಸುಮಾರು 350 ಮಿಲಿಗ್ರಾಂ ನೈಟ್ರೇಟ್ ಇತ್ತು. ಬಿರುಸಾದ ಒಂದೇ ವೇಗದಲ್ಲಿ ಸೈಕಲ್ ತುಳಿಯುತ್ತ ಇನ್ನು ಸಾಧ್ಯವಿಲ್ಲ ಎನ್ನುವವರೆಗೆ ಎಷ್ಟು ಹೊತ್ತು ತಾಳುವರು ಎಂಬುದನ್ನು ಅಳೆದಾಗ, ಸರಾಸರಿ 583 ಸೆಕೆಂಡು ಇದ್ದದ್ದು 675 ಸೆಕೆಂಡಿಗೆ ಏರಿತು. ಹೆಚ್ಚಳ ಶೇಕಡಾ 16. ಈ ವರದಿ 2009ರಲ್ಲಿ ಪ್ರಕಟವಾದೊಡನೆ ಪತ್ರಿಕೆಗಳು ಆ ಅಂಕಿಯನ್ನು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿದವು. ಬೀಟ್‌ರೂಟಿಗೆ ಹೊಸ ಯೋಗ ಬಂದಿತು.

ಕಾರ್ಖಾನೆಯ ಕೊಡುಗೆ

ಆ ಪ್ರಯೋಗದಲ್ಲಿ ಒಂದು ಕೊರತೆಯಿತ್ತು. ಹೋಲಿಕೆಗಾಗಿ ಅದೇ ಜನರು ಬೇರೊಂದು ಸರದಿಯಲ್ಲಿ ಕುಡಿದ ಪಾನೀಯ ಕಪ್ಪು ಕರಂಟ್ ಹಣ್ಣಿನ ಶರಬತ್ತು. ಬೀಟ್‌ರೂಟಿನ ಮಣ್ಣಿನ ವಾಸನೆ ಯಾರ ನಾಲಿಗೆಗೂ ತಪ್ಪಿಸಿಕೊಳ್ಳುವಂಥದ್ದಲ್ಲ. ತಾನು ಕುಡಿಯುತ್ತಿರುವುದೇನೆಂದು ತಿಳಿದವನು ಅದರಿಂದ ಒಳಿತಾಗುತ್ತದೆಂಬ ನಂಬಿಕೆಯಿಂದಲೇ ಹೆಚ್ಚು ಹೊತ್ತು ತುಳಿದಿರಬಹುದಲ್ಲವೇ? ಇದಲ್ಲದೆ ಬೀಟ್‌ರೂಟಿನಲ್ಲಿ ಕೆಂಪು ವರ್ಣದ್ರವ್ಯವಿದೆ, ಸಕ್ಕರೆಯಿದೆ, ಪೊಟ್ಯಾಸಿಯಂ ಇದೆ. ಪರಿಣಾಮ ನೈಟ್ರೇಟಿನದೋ ಬೇರೆಯದೋ ಎಂದು ಹೇಳಲು ಬೇಕಾದದ್ದು ಬಣ್ಣ, ರುಚಿ, ವಾಸನೆಗಳಲ್ಲಿ ಬೀಟ್‌ರೂಟ್ ರಸವೇ ಆಗಿದ್ದು ನೈಟ್ರೇಟ್ ಮಾತ್ರ ಇಲ್ಲದ ಒಂದು ಪಾನೀಯ.

ಅದನ್ನು ಒದಗಿಸಿಕೊಟ್ಟದ್ದು ಪೂರ್ವ ಇಂಗ್ಲೆಂಡಿನ ಸಫಕ್ ಪ್ರಾಂತದ ಜೇಮ್ಸ್ ವೈಟ್ ಡ್ರಿಂಕ್ಸ್ ಎಂಬ ರಸ ತಯಾರಿಕಾ ಸಂಸ್ಥೆ. ಸೇಬಿನ ರಸಕ್ಕೂ, ಮಸಾಲೆ ಬೆರೆತ ಟೊಮ್ಯಾಟೊ ರಸಕ್ಕೂ ಹೆಸರಾಗಿದ್ದ ಈ ಸಂಸ್ಥೆ 'ಬೀಟ್ ಇಟ್' ಎಂಬ ಹೆಸರಿನಲ್ಲಿ ಬೀಟ್‌ರೂಟ್ ರಸವನ್ನೂ ಮಾರುತ್ತಿತ್ತು. ಸಂಶೋಧಕರ ಅಗತ್ಯಕ್ಕಾಗಿ ರಸವನ್ನು ಅಯಾನು ವಿನಿಮಯ ರೆಸಿನ್ ತುಂಬಿದ ಕೊಳವೆಯ ಮೂಲಕ ಹರಿಸಿ ನೈಟ್ರೇಟನ್ನು ಮಾತ್ರ ಸೋಸಿ ತೆಗೆಯಲಾಯಿತು. ಇದೇನೂ ಅಪೂರ್ವ ತಂತ್ರಜ್ಞಾನವಲ್ಲ. ಬಾಯ್ಲರಿನ ನೀರನ್ನು ಮೃದುಗೊಳಿಸಲು ನಮ್ಮ ಕಾರ್ಖಾನೆಗಳಲ್ಲಿ ಬಳಸುವ ರೆಸಿನ್ನಿನ ದಾಯಾದಿಯೇ ಅದು. ಕುಡಿಯುವ ನೀರಿನ ನೈಟ್ರೇಟ್ ತೆಗೆಯಲು ಈಗಾಗಲೇ ಬಳಕೆಯಲ್ಲಿದ್ದ ವಸ್ತುವನ್ನು ರಸಕ್ಕೆ ಹೊಂದಿಸಿಕೊಂಡದ್ದಷ್ಟೇ ಇಲ್ಲಿನ ಜಾಣ್ಮೆ.

ಒಬ್ಬ ವ್ಯಾಪಾರಿ ತನ್ನ ಸರಕಿನಿಂದ ಅದರ ಸಾರವನ್ನೇ ತೆಗೆದುಹಾಕಿ ಶೀಶೆಯಲ್ಲಿ ತುಂಬಿಕೊಡುವುದು ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ತನ್ನ ಉತ್ಪನ್ನ ಸುಳ್ಳೆಂದು ಸಾಬೀತಾಗುವ ಅಪಾಯವನ್ನು ಆ ಸಂಸ್ಥೆ ತಾನಾಗಿಯೇ ಮೈಮೇಲೆ ಎಳೆದುಕೊಂಡಿತು. ಆದರೆ ನಿಷ್ಪಕ್ಷಪಾತವಾದ ಪರೀಕ್ಷೆಗೆ ಆ ಶೀಶೆಯಿಲ್ಲದೆ ಬೇರೆ ದಾರಿಯಿರಲಿಲ್ಲ. ಮುಂದೆ ಹಲವು ದೇಶಗಳ ವಿಶ್ವವಿದ್ಯಾಲಯಗಳು ಪ್ರಯೋಗ ಕೈಗೊಂಡಾಗ ನೈಟ್ರೇಟ್ ಇರುವ ರಸವನ್ನೂ ಇಲ್ಲದ ರಸವನ್ನೂ ಇದೇ ಕಾರ್ಖಾನೆಯಿಂದ ತರಿಸಿಕೊಂಡವು. ಜಾಹೀರಾತಿಗೆ ಕೋಟಿಗಟ್ಟಲೆ ಸುರಿದರೂ ದೊರೆಯದ ಪ್ರಚಾರ ಅದಕ್ಕೆ ವಿದ್ವತ್ ಪತ್ರಿಕೆಗಳ ಪುಟಗಳಲ್ಲಿ ದೊರೆಯಿತು.

ಅರ್ಧ ಲೀಟರ್ ರಸ ಕುಡಿದು ಓಡುವುದು ಯಾರಿಗೂ ಹಿತವಲ್ಲ. ಆದಕಾರಣ ಸಂಸ್ಥೆ ರಸವನ್ನು ಸಾಂದ್ರಗೊಳಿಸಿ, ಸ್ವಲ್ಪ ನಿಂಬೆ ರಸ ಬೆರೆಸಿ, 70 ಮಿಲಿಲೀಟರಿನ ಪುಟ್ಟ ಶೀಶೆಯನ್ನು ಹೊರತಂದಿತು. ಅದರಲ್ಲಿರುವ ನೈಟ್ರೇಟ್ 400 ಮಿಲಿಗ್ರಾಂ. ಎಕ್ಸೆಟರ್‌ನಲ್ಲಿ 2009ರಲ್ಲಿ ಬಳಸಿದ ರಸಕ್ಕೆ ಹೋಲಿಸಿದರೆ ಇದು ಸುಮಾರು ಎಂಟು ಪಟ್ಟು ದಟ್ಟ. ಒಂದೇ ಗುಟುಕಿಗೆ ಮುಗಿಯುವ, ಅಳತೆ ಮಾಡಿದ ಮಾತ್ರೆಯಂತಹ ರಸ. ತರಕಾರಿಯ ಪಾನೀಯ ಪೂರಕವಾದದ್ದು ಇಲ್ಲಿ.

ಶೇಕಡಾ 16 ಎಂದರೆ ಎಷ್ಟು?

ಸಾರವಿಲ್ಲದ ಶೀಶೆ ಕೈಗೆ ಬಂದ ಮೇಲೆ ನಡೆದ ಪರೀಕ್ಷೆಗಳ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಕ್ಲಬ್ ಮಟ್ಟದ ಒಂಬತ್ತು ಸೈಕಲ್ ಸ್ಪರ್ಧಿಗಳು ಒಮ್ಮೆ ನೈಟ್ರೇಟ್ ಇರುವ, ಇನ್ನೊಮ್ಮೆ ಇಲ್ಲದ ರಸ ಕುಡಿದು 4 ಕಿಲೋಮೀಟರ್ ಮತ್ತು 16.1 ಕಿಲೋಮೀಟರ್ ದೂರವನ್ನು ಸಾಧ್ಯವಾದಷ್ಟು ಬೇಗ ಕ್ರಮಿಸಿದರು. ಸಣ್ಣ ದೂರಕ್ಕೆ ಸರಾಸರಿ 6.45 ನಿಮಿಷ ತಗಲುತ್ತಿದ್ದುದು 6.27 ನಿಮಿಷವಾಯಿತು, ದೊಡ್ಡ ದೂರಕ್ಕೆ 27.7 ನಿಮಿಷದ ಬದಲು 26.9 ನಿಮಿಷ ಸಾಕಾಯಿತು. ನೈಟ್ರೇಟ್ ಕೆಲಸ ಮಾಡುತ್ತದೆ ಎಂಬುದು ಖಚಿತವಾಯಿತು. ಆದರೆ ಲಾಭ ಈಗ ಶೇಕಡಾ 16 ಅಲ್ಲ, ಶೇಕಡಾ 2.8 ಮತ್ತು 2.7.

ಎರಡೂ ಅಂಕಿಗಳು ಸತ್ಯವೇ. ವ್ಯತ್ಯಾಸವಿರುವುದು ಅಳೆದ ವಿಷಯದಲ್ಲಿ. ಒಂದೇ ಬಿರುಸಿನಲ್ಲಿ ಸುಸ್ತಾಗುವವರೆಗೆ ತುಳಿಯುವ ಪರೀಕ್ಷೆಯಲ್ಲಿ ಸಾಮರ್ಥ್ಯದ ಅತಿ ಸಣ್ಣ ಹೆಚ್ಚಳವೂ ಕಾಲದ ದೊಡ್ಡ ಹೆಚ್ಚಳವಾಗಿ ತೋರುತ್ತದೆ. ಲಾಭದ ಅಂಚಿನಲ್ಲಿ ನಡೆಯುವ ಅಂಗಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಿಂಗಳ ವಹಿವಾಟು ಲಕ್ಷ ರೂಪಾಯಿ, ಉಳಿತಾಯ ಹತ್ತು ಸಾವಿರ ಇರುವ ವ್ಯಾಪಾರಿಗೆ ಖರ್ಚಿನಲ್ಲಿ ಎರಡು ಸಾವಿರ ಕಡಿಮೆಯಾದರೆ ಉಳಿತಾಯ ಶೇಕಡಾ 20 ಏರಿತೆನ್ನಬಹುದು, ಖರ್ಚು ಶೇಕಡಾ 2ರ ಆಸುಪಾಸಿನಲ್ಲಿ ಇಳಿಯಿತೆಂದೂ ಹೇಳಬಹುದು. ಸ್ಪರ್ಧೆಗಳು ನಡೆಯುವುದು ದೂರವನ್ನು ಕ್ರಮಿಸುವ ಕಾಲದ ಮೇಲೆ. ಆದ್ದರಿಂದ ಓಟಗಾರನಿಗೆ ಬೇಕಾದ ಅಂಕಿ ಚಿಕ್ಕದು. ಡಬ್ಬಿಯ ಮೇಲೆ ಅಚ್ಚಾಗುವುದು ಮಾತ್ರ ಯಾವಾಗಲೂ ದೊಡ್ಡದು.

ಚಿಕ್ಕ ಅಂಕಿಯೂ ಎಲ್ಲರಿಗೂ ದಕ್ಕುವುದಿಲ್ಲ. 2012ರಲ್ಲಿ ನೆದರ್ಲೆಂಡ್ಸ್‌ನಲ್ಲಿ ತರಬೇತಿ ಪಡೆದ ಹನ್ನೆರಡು ಸೈಕಲ್ ಸ್ಪರ್ಧಿಗಳು ಆರು ದಿನ ಸಾಂದ್ರಿತ ರಸ ಕುಡಿದು 10 ಕಿಲೋಮೀಟರ್ ಕ್ರಮಿಸಿದಾಗ 965 ಸೆಕೆಂಡಿನ ಬದಲು 953 ಸೆಕೆಂಡು ತೆಗೆದುಕೊಂಡರು; ಲಾಭ ಶೇಕಡಾ 1.2. ಅದೇ ವರ್ಷ ಎಕ್ಸೆಟರ್ ತಂಡ 50 ಮೈಲಿ ದೂರದ ಪರೀಕ್ಷೆ ನಡೆಸಿದಾಗ ಶೇಕಡಾ 0.8ರಷ್ಟು ಸುಧಾರಣೆ ಕಂಡರೂ ಅದನ್ನು ಆಕಸ್ಮಿಕವಲ್ಲವೆಂದು ಹೇಳುವಷ್ಟು ಬಲ ಸಂಖ್ಯೆಗಳಿಗಿರಲಿಲ್ಲ. ತರಬೇತಿಯಲ್ಲಿ ಪಳಗಿದ ಉನ್ನತ ಮಟ್ಟದ ಓಟಗಾರರಲ್ಲಿ ಪರಿಣಾಮ ಕ್ಷೀಣವಾಗುತ್ತದೆ, ಸಾಧಾರಣ ಮಟ್ಟದ ಹವ್ಯಾಸಿಗಳಲ್ಲಿ ಹೆಚ್ಚು ಕಾಣುತ್ತದೆ ಎಂಬುದು ನಂತರದ ಅಧ್ಯಯನಗಳ ಒಟ್ಟು ಒಲವು. ಪದಕ ಗೆಲ್ಲುವವನ ಚಿತ್ರವನ್ನು ಡಬ್ಬಿಯ ಮೇಲೆ ಹಾಕಿ ಮಾರುವ ಪದ್ಧತಿಗೆ ಇದು ಅಷ್ಟೇನೂ ಅನುಕೂಲವಾದ ಸಂಗತಿಯಲ್ಲ!

ಹೆಚ್ಚು ಕುಡಿದರೆ ಹೆಚ್ಚು ಫಲ ಎಂಬ ಲೆಕ್ಕವೂ ನಡೆಯದು. 2013ರ ಅಧ್ಯಯನವೊಂದರಲ್ಲಿ ಹತ್ತು ಪುರುಷರಿಗೆ 70, 140 ಮತ್ತು 280 ಮಿಲಿಲೀಟರ್ ಸಾಂದ್ರಿತ ರಸವನ್ನು ಬೇರೆ ಬೇರೆ ದಿನ ನೀಡಲಾಯಿತು. ತಾಳಿಕೆಯ ಕಾಲ 140 ಮಿಲಿಲೀಟರಿಗೆ ಶೇಕಡಾ 14 ಹೆಚ್ಚಿತು. ಅದರ ಎರಡರಷ್ಟು ಕುಡಿದಾಗ ಶೇಕಡಾ 12 ಮಾತ್ರ. ರಕ್ತದಲ್ಲಿ ನೈಟ್ರೈಟ್ ತನ್ನ ಗರಿಷ್ಠ ಮಟ್ಟ ತಲಪಲು ಎರಡು ಮೂರು ಗಂಟೆ ಬೇಕಾದುದರಿಂದ ಓಟದ ಗೆರೆಯ ಬಳಿ ನಿಂತು ಕುಡಿದವನಿಗೆ ಉಪಯೋಗವಿಲ್ಲ.

ಶೀಶೆಯೊಳಗೆ ಇರುವುದೇನು?

ವಿಜ್ಞಾನ ಇಷ್ಟರಮಟ್ಟಿಗೆ ಸ್ಪಷ್ಟವಾದ ಮೇಲೆ ಬೀಟ್‌ರೂಟ್ ರಸ, ಪುಡಿ, ಅಂಟು ಮಿಠಾಯಿಗಳ ಮಹಾಪೂರವೇ ಮಾರುಕಟ್ಟೆಗೆ ಹರಿಯಿತು. ಎಲ್ಲರೂ ಅದೇ ಪ್ರಯೋಗಗಳ ಹೆಸರು ಹೇಳಿ ಮಾರತೊಡಗಿದರು. ಆದರೆ ಅವರ ಶೀಶೆಗಳಲ್ಲಿ ಪ್ರಯೋಗದಲ್ಲಿದ್ದಷ್ಟು ನೈಟ್ರೇಟ್ ಇತ್ತೇ?

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಅಮೆರಿಕದ ಇಂಡಿಯಾನಾ ರಾಜ್ಯದ ಸಂಶೋಧಕರು. 21 ಕಂಪನಿಗಳ 24 ಬೀಟ್‌ರೂಟ್ ಉತ್ಪನ್ನಗಳ 45 ಬ್ಯಾಚುಗಳನ್ನು ಅವರು ಪರೀಕ್ಷಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಅತಿ ಕಡಿಮೆ ನೈಟ್ರೇಟ್ ಇದ್ದ ಉತ್ಪನ್ನಕ್ಕೂ ಅತಿ ಹೆಚ್ಚು ಇದ್ದುದಕ್ಕೂ ಸುಮಾರು 50 ಪಟ್ಟು ಅಂತರ ಕಂಡುಬಂದಿತು. ತಾಳಿಕೆಯ ಮೇಲೆ ಪರಿಣಾಮ ಬೀರಲು ಸಾಮಾನ್ಯವಾಗಿ ಬೇಕಾಗುವ 5 ಮಿಲಿಮೋಲ್, ಅಂದರೆ ಸುಮಾರು 310 ಮಿಲಿಗ್ರಾಂ ನೈಟ್ರೇಟನ್ನು ಒಂದು ಸರ್ತಿಯ ಸೇವನೆಯಲ್ಲಿ ತಪ್ಪದೆ ಒದಗಿಸುತ್ತಿದ್ದವು ಕೇವಲ ಐದು ಉತ್ಪನ್ನಗಳು. ಇದಕ್ಕಿಂತ ಕಳವಳಕಾರಿಯಾದ ಸಂಗತಿಯೆಂದರೆ ಒಂದೇ ಕಂಪನಿಯ ಒಂದೇ ಉತ್ಪನ್ನದಲ್ಲಿ ಬ್ಯಾಚಿನಿಂದ ಬ್ಯಾಚಿಗೆ ಸರಾಸರಿ ಶೇಕಡಾ 30ರಷ್ಟು ಏರುಪೇರು. ಕೆಲವದರಲ್ಲಿ ಅದು ಶೇಕಡಾ 80ನ್ನೂ ಮೀರಿತ್ತು.

ಇವರೆಲ್ಲರೂ ಮೋಸಗಾರರೆಂದು ಭಾವಿಸಬೇಕಾಗಿಲ್ಲ. ಬಹುಮಂದಿ ಬೀಟ್‌ರೂಟನ್ನೇ ಹಿಂಡಿದ್ದಾರೆ, ಬೀಟ್‌ರೂಟನ್ನೇ ತುಂಬಿದ್ದಾರೆ. ತಪ್ಪಿರುವುದು ಬೀಟ್‌ರೂಟ್ ಎಂದರೆ ನೈಟ್ರೇಟ್ ಎಂದು ನಂಬಿದ್ದರಲ್ಲಿ. ಗಡ್ಡೆಯ ನೈಟ್ರೇಟ್ ಪ್ರಮಾಣ ತಳಿಯಿಂದ ತಳಿಗೆ, ಹೊಲದಿಂದ ಹೊಲಕ್ಕೆ ವ್ಯತ್ಯಾಸವಾಗುತ್ತದೆ. ಸಾರಜನಕ ಗೊಬ್ಬರ ಹೆಚ್ಚು ಹಾಕಿದರೆ ಅದು ಏರುತ್ತದೆ. ಮೋಡ ಕವಿದ ದಿನಗಳಲ್ಲಿ ಬೆಳೆದದ್ದಕ್ಕೂ ಬಿಸಿಲಿನಲ್ಲಿ ಬೆಳೆದದ್ದಕ್ಕೂ ಭೇದವಿದೆ. ಬೇಯಿಸಿದ ನೀರನ್ನು ಚೆಲ್ಲಿದರೆ ನೈಟ್ರೇಟಿನ ಒಂದು ಪಾಲು ಅದರೊಡನೆಯೇ ಚರಂಡಿ ಸೇರುತ್ತದೆ.

ರಸದ ವ್ಯಾಪಾರದಲ್ಲಿರುವವರು ಸರಕನ್ನು ಕೊಳ್ಳುವಾಗ ನೋಡುವುದು ಬ್ರಿಕ್ಸ್ ಮಾಪನವನ್ನು ಮತ್ತು ಬಣ್ಣವನ್ನು. ಬ್ರಿಕ್ಸ್ ಹೇಳುವುದು ಮುಖ್ಯವಾಗಿ ಸಕ್ಕರೆಯ ಅಂಶವನ್ನು. ಬಣ್ಣ ಹೇಳುವುದು ಬೀಟ್‌ರೂಟಿನ ವರ್ಣದ್ರವ್ಯವನ್ನು. ಎರಡಕ್ಕೂ ನೈಟ್ರೇಟಿಗೂ ನಂಟಿಲ್ಲ. ಗಾಢ ಕೆಂಪಿನ, ಉತ್ತಮ ಬ್ರಿಕ್ಸ್‌ನ, ರುಚಿಕರವಾದ ರಸವೊಂದು ಓಟಗಾರನ ಪಾಲಿಗೆ ಬರಿಯ ಬಣ್ಣದ ನೀರಾಗಿರುವುದು ಪೂರ್ಣ ಸಾಧ್ಯ. ಕಿಲೋ ಗಡ್ಡೆಯಲ್ಲಿ 1000 ಮಿಲಿಗ್ರಾಂ ನೈಟ್ರೇಟ್ ಇದ್ದರೆ 400 ಮಿಲಿಗ್ರಾಂ ಪಡೆಯಲು, ಹಿಂಡುವಾಗಿನ ನಷ್ಟವನ್ನು ಬಿಟ್ಟು, 400 ಗ್ರಾಂ ಗಡ್ಡೆ ಸಾಕು. ಅದೇ 250 ಮಿಲಿಗ್ರಾಂ ಇದ್ದರೆ 1.6 ಕಿಲೋ ಬೇಕು. ಕಚ್ಚಾ ಸಾಮಗ್ರಿಯ ವೆಚ್ಚ ನಾಲ್ಕು ಪಟ್ಟಾಗುವ ಈ ಲೆಕ್ಕವನ್ನು ಗಡ್ಡೆ ಕೊಳ್ಳುವ ಮುನ್ನ ಮಾಡಬೇಕೇ ಹೊರತು ಶೀಶೆ ತುಂಬಿದ ಮೇಲಲ್ಲ. ರೈತರು ಬೆಳೆಯ ರಸ ಪರೀಕ್ಷೆಗೆ ಬಳಸುವ ನೈಟ್ರೇಟ್ ಪಟ್ಟಿ, ಕೈಯಲ್ಲಿ ಹಿಡಿಯುವ ಮೀಟರು ಮೊದಲ ಜರಡಿಯಾಗಿ ಸಾಕು. ಲೇಬಲಿನ ಮೇಲೆ ಅಚ್ಚಾಗುವ ಅಂಕಿಗೆ ಮಾತ್ರ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಅವಶ್ಯ.

ಇನ್ನೊಂದು ಎಚ್ಚರಿಕೆ ಶುಚಿತ್ವಕ್ಕೆ ಸಂಬಂಧಿಸಿದ್ದು. ಹಿಂಡಿದ ಹಸಿ ರಸವನ್ನು ತಂಪಿನಲ್ಲಿಡದೆ ಬಿಟ್ಟರೆ ಬಾಯಿಯಲ್ಲಿ ನಡೆಯಬೇಕಾದ ಕೆಲಸವನ್ನು ಪಾತ್ರೆಯಲ್ಲಿನ ಬ್ಯಾಕ್ಟೀರಿಯಾಗಳೇ ಆರಂಭಿಸುತ್ತವೆ; ನೈಟ್ರೇಟ್ ನೈಟ್ರೈಟ್ ಆಗಿ ತಿರುಗುತ್ತದೆ. ನೈಟ್ರೈಟ್ ಹೆಚ್ಚಾದರೆ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಗೇ ಕುಂದು. ಎಳೆಯ ಶಿಶುಗಳಿಗೆ ಇದು ಪ್ರಾಣಾಪಾಯಕಾರಿ. ಹಿಂಡಿದ ರಸವನ್ನು ತಡಮಾಡದೆ ಪಾಶ್ಚರೀಕರಿಸುವುದು ಅಥವಾ ಶೈತ್ಯದಲ್ಲಿಡುವುದು ಇಲ್ಲಿ ರುಚಿಯ ಪ್ರಶ್ನೆಯಷ್ಟೇ ಅಲ್ಲ. ರಸದಲ್ಲಿ ನೈಟ್ರೇಟ್ ಕಡಿಮೆಯಾಯಿತೆಂದು ಅಂಗಡಿಯ ಲವಣವನ್ನು ಬೆರೆಸುವ ಅಡ್ಡದಾರಿಯಂತೂ ಯೋಚಿಸಲೂ ಬಾರದ್ದು. ಅದಕ್ಕೆ ಅನುಮತಿಯಿಲ್ಲ, ಮೇಲಾಗಿ ಹೆಸರಿನಲ್ಲಿ ಒಂದಕ್ಷರದಷ್ಟೇ ವ್ಯತ್ಯಾಸವಿರುವ ಸೋಡಿಯಂ ನೈಟ್ರೈಟ್ ಕೆಲವೇ ಗ್ರಾಂಗಳಲ್ಲಿ ಕೊಲ್ಲಬಲ್ಲದು.

ಸುರಕ್ಷತೆಯ ಮಾತು

ನಿಯಮಿತ ಸೇವನೆಯ ಸುರಕ್ಷತೆಯ ವಿಷಯದಲ್ಲಿ ಪರಸ್ಪರ ಹೊಂದದ ಎರಡು ಸಂಗತಿಗಳು ಅಕ್ಕಪಕ್ಕದಲ್ಲಿವೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಮರುಪರಿಶೀಲಿಸಿ ಉಳಿಸಿಕೊಂಡ ಮಿತಿಯ ಪ್ರಕಾರ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 3.7 ಮಿಲಿಗ್ರಾಂ ನೈಟ್ರೇಟ್ ಸೇವನೆ ಸ್ವೀಕಾರಾರ್ಹ. 60 ಕಿಲೋ ತೂಕದ ವ್ಯಕ್ತಿಗೆ ಇದು 222 ಮಿಲಿಗ್ರಾಂ. ಒಂದು ಪುಟ್ಟ ಶೀಶೆಯೇ ಆ ಮಿತಿಯನ್ನು ದಾಟುತ್ತದೆ. ದೇಹದಲ್ಲಿ ನೈಟ್ರೊಸೊ ಸಂಯುಕ್ತಗಳು ಉಂಟಾಗುವ ಸನ್ನಿವೇಶದಲ್ಲಿ ನೈಟ್ರೇಟ್, ನೈಟ್ರೈಟ್ ಸೇವನೆ ಕ್ಯಾನ್ಸರಿಗೆ ಪ್ರಾಯಶಃ ಕಾರಣವಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವರ್ಗೀಕರಿಸಿದೆ. ಸಂಸ್ಕರಿಸಿದ ಮಾಂಸದ ಬಗೆಗಿನ ಆತಂಕದ ಒಂದು ಮೂಲ ಇದು.

ಇನ್ನೊಂದೆಡೆ, ತರಕಾರಿ ಹೇರಳವಾಗಿ ತಿನ್ನುವವರು ಇದೇ ಮಿತಿಯನ್ನು ಸಲೀಸಾಗಿ ಮೀರುತ್ತಾರೆ, ಅವರ ಆರೋಗ್ಯ ಉತ್ತಮವಾಗಿಯೇ ಇರುತ್ತದೆ. ಲಂಡನ್ನಿನಲ್ಲಿ ರಕ್ತದೊತ್ತಡವಿರುವ 68 ಮಂದಿಗೆ ನಾಲ್ಕು ವಾರ ದಿನಕ್ಕೆ 250 ಮಿಲಿಲೀಟರ್ ಬೀಟ್‌ರೂಟ್ ರಸ ಅಥವಾ ನೈಟ್ರೇಟ್ ರಹಿತ ರಸ ಕೊಟ್ಟು ನಡೆಸಿದ ಅಧ್ಯಯನದಲ್ಲಿ ನೈಟ್ರೇಟ್ ಇದ್ದ ರಸ ಕುಡಿದವರ ಮೇಲಿನ ಒತ್ತಡ ಸುಮಾರು 8 ಅಂಶದಷ್ಟು ಇಳಿದದ್ದು 2015ರಲ್ಲಿ ವರದಿಯಾಯಿತು. ಓಟದ ದಿನ ಒಂದು ಶೀಶೆ ಕುಡಿಯುವುದಕ್ಕೂ ವರ್ಷವಿಡೀ ಪ್ರತಿದಿನ ಎರಡೆರಡು ಕುಡಿಯುವುದಕ್ಕೂ ಅಂತರವಿದೆಯೆಂಬುದನ್ನು ಮಾರುವವರು ಹೇಳುವುದು ನ್ಯಾಯ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಕೋಶದ ಕಲ್ಲಿನ ತೊಂದರೆಯಿದ್ದವರು ವೈದ್ಯರನ್ನು ಕೇಳಬೇಕೆಂಬ ಸೂಚನೆಯೂ ಲೇಬಲಿನಲ್ಲಿ ಇರತಕ್ಕದ್ದು. ಬೀಟ್‌ರೂಟಿನಲ್ಲಿ ಆಕ್ಸಲೇಟ್ ಅಧಿಕ. ಕೆಲವರಿಗೆ ಮೂತ್ರ ಕೆಂಪಾಗುವುದುಂಟು. ಅದು ನಿರಪಾಯಕಾರಿ, ಆದರೆ ಮುಂಚಿತವಾಗಿ ತಿಳಿಸದಿದ್ದರೆ ಗ್ರಾಹಕ ಆಸ್ಪತ್ರೆಗೆ ಓಡುವುದು ಖಂಡಿತ.

ಸ್ಪರ್ಧಾಳುಗಳಿಗೆ ಮಾರುವವರ ಹೊಣೆ ಇನ್ನೂ ಒಂದು ತೂಕ ಹೆಚ್ಚು. ನೈಟ್ರೇಟ್ ನಿಷೇಧಿತ ಪದಾರ್ಥವಲ್ಲ. ಆದರೆ ಪೂರಕಗಳ ಕಾರ್ಖಾನೆಯಲ್ಲಿ ಒಂದೇ ಯಂತ್ರದಲ್ಲಿ ಹಲವು ಪುಡಿಗಳು ಹಾಯುತ್ತವೆ. ಜರ್ಮನಿಯ ಕಲೋನ್ ನಗರದ ಉದ್ದೀಪನ ಮದ್ದು ಪರೀಕ್ಷಾ ಪ್ರಯೋಗಾಲಯ 13 ದೇಶಗಳಲ್ಲಿ ಕೊಂಡ 634 ಪೂರಕಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 94ರಲ್ಲಿ, ಎಂದರೆ ಶೇಕಡಾ 14.8ರಷ್ಟರಲ್ಲಿ, ಲೇಬಲಿನಲ್ಲಿ ಕಾಣದ ಸ್ಟೀರಾಯ್ಡ್ ವರ್ಗದ ಪದಾರ್ಥಗಳಿದ್ದವು. ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಕ್ರೀಡಾಪಟುವಿಗೆ ತನಗೆ ತಿಳಿದಿರಲಿಲ್ಲವೆಂಬ ಸಮಜಾಯಿಷಿ ಅಷ್ಟಾಗಿ ನೆರವಾಗದು. ದೇಹದೊಳಗೆ ಸೇರಿದ್ದಕ್ಕೆಲ್ಲ ಅವನೇ ಹೊಣೆ ಎಂಬುದು ವಿಶ್ವ ಉದ್ದೀಪನ ಮದ್ದು ತಡೆ ಸಂಹಿತೆಯ ನಿಲುವು. ಇತರರ ಪುಡಿಯನ್ನು ತನ್ನ ಯಂತ್ರದಲ್ಲಿ ಕೂಲಿಗೆ ತುಂಬಿಕೊಡುವ ಸಣ್ಣ ಘಟಕದವರಿಗೆ ಈ ಸಂಗತಿ ಚೆನ್ನಾಗಿ ನೆನಪಿರಬೇಕು.

ನಮ್ಮಲ್ಲಿನ ಕಾನೂನು

ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ 10 ಕಿಲೋಮೀಟರ್ ಓಟ ಸಾವಿರಾರು ಹವ್ಯಾಸಿಗಳನ್ನು ಬೀದಿಗೆ ತಂದಿದೆ. ಪ್ರಯೋಗಗಳು ಫಲ ಕಂಡದ್ದು ಬಹುತೇಕ ಇಂತಹ ಸಾಧಾರಣ ಮಟ್ಟದ ಓಟಗಾರರಲ್ಲೇ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೀಟ್‌ರೂಟ್ ಬೆಳೆಯುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ನೆರವು ಕೈಗೆಟಕುವ ದೂರದಲ್ಲಿದೆ. ಹಾಗಾಗಿ ಇಲ್ಲಿನ ಉದ್ದಿಮೆದಾರರು ಈ ಕ್ಷೇತ್ರದ ಕಡೆ ಕಣ್ಣು ಹಾಯಿಸುವುದು ಸಹಜ. ಬೀಟ್‌ರೂಟ್ ರಸವನ್ನು ಬರಿಯ ರಸವೆಂದು ಮಾರುವವರೆಗೆ ಅದಕ್ಕೆ ಅನ್ವಯಿಸುವುದು ಸಾಮಾನ್ಯ ಆಹಾರ ನಿಯಮಗಳು. ದಮ್ಮು ಹೆಚ್ಚಿಸುತ್ತದೆಂದು ಹೇಳಿ ಪೂರಕವಾಗಿ ಮಾರಹೊರಟರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಪೂರಕ ಆಹಾರಗಳ ನಿಯಮಾವಳಿಯ ವ್ಯಾಪ್ತಿಗೆ ಬರಬೇಕಾಗುತ್ತದೆ. 2016ರಲ್ಲಿ ಹೊರಟ ಈ ನಿಯಮಗಳು 2018ರ ಜನವರಿಯಿಂದ ಜಾರಿಗೆ ಬಂದವು. ಜಾಹೀರಾತು ಮತ್ತು ಹಕ್ಕುಸಾಧನೆಗಳ ಬಗ್ಗೆ 2018ರ ನಿಯಮಾವಳಿ ಪ್ರತ್ಯೇಕವಾಗಿದ್ದು, ಹೇಳಿದ ಪ್ರಯೋಜನಕ್ಕೆ ವೈಜ್ಞಾನಿಕ ಆಧಾರ ಒದಗಿಸುವ ಭಾರವನ್ನು ಅದು ಮಾರುವವನ ಮೇಲೆಯೇ ಹೊರಿಸುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯಿದೆಯ 53ನೆಯ ಕಲಮಿನಂತೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಎಕ್ಸೆಟರ್‌ನಲ್ಲಿ ಎಂಟು ಜನ ಕುಡಿದ ರಸದ ಫಲಿತಾಂಶ, ನೈಟ್ರೇಟ್ ಎಷ್ಟಿದೆಯೆಂದೇ ತಿಳಿಯದ ಬೇರೊಂದು ಶೀಶೆಗೆ ಆಧಾರವಾಗಲಾರದು.

ಯುರೋಪಿನಲ್ಲಿ ಈ ಕಟ್ಟು ಇನ್ನೂ ಬಿಗಿ. ಅಲ್ಲಿ 2012ರಲ್ಲಿ ಪ್ರಕಟವಾದ ಅನುಮತಿಸಿದ ಆರೋಗ್ಯ ಹೇಳಿಕೆಗಳ ಪಟ್ಟಿಯಲ್ಲಿ ಶರ್ಕರ ಮತ್ತು ಲವಣಯುಕ್ತ ಪಾನೀಯಗಳು ತಾಳಿಕೆಯನ್ನು ಕಾಯ್ದುಕೊಳ್ಳಲು ನೆರವಾಗುತ್ತವೆಂಬ ಹೇಳಿಕೆಗೆ ಜಾಗವಿದೆ. ನೈಟ್ರೇಟಿಗೆ ಅಂತಹ ಹೇಳಿಕೆ ಇಲ್ಲ. ಕೆಫೀನ್ ತಾಳಿಕೆ ಹೆಚ್ಚಿಸುತ್ತದೆಂದು ಪ್ರಾಧಿಕಾರದ ತಜ್ಞರೇ 2011ರಲ್ಲಿ ಒಪ್ಪಿದ್ದರೂ ಆ ವಾಕ್ಯವನ್ನು ಡಬ್ಬಿಯ ಮೇಲೆ ಮುದ್ರಿಸಲು ಅನುಮತಿ ದೊರೆತಿಲ್ಲ.

ಸಫಕ್‌ನ ಕಾರ್ಖಾನೆ ಈ ನಿರ್ಬಂಧದೊಳಗೇ ತನ್ನ ದಾರಿ ಹುಡುಕಿಕೊಂಡಿತು. ಎಷ್ಟು ಬೇಗ ಓಡಬಹುದೆಂಬುದು ಹಕ್ಕುಸಾಧನೆ. ಶೀಶೆಯಲ್ಲಿ ಏನು ಎಷ್ಟಿದೆಯೆಂಬುದು ವಿವರಣೆ. ಕ್ರೀಡಾಪಟುಗಳಿಗೆಂದು ಅದು ಮಾರುವ ಪುಟ್ಟ ಶೀಶೆಯ ಹೆಸರಿಗೆ ಅಂಟಿಕೊಂಡಿರುವುದು 'ನೈಟ್ರೇಟ್ 400' ಎಂಬ ಎರಡು ಪದಗಳು. ಪ್ರಯೋಗಗಳ ಸುದ್ದಿ ತಿಳಿದ ತರಬೇತುದಾರ ಆ ಅಂಕಿಯನ್ನು ನೋಡಿಯೇ ಶೀಶೆಯನ್ನು ಕೈಗೆತ್ತಿಕೊಳ್ಳುತ್ತಾನೆ.